ಒಂದು ಬೊಗಸೆ ಹೆಚ್ಚು

ಜೂನ್ ೧೦, ೨೦೦೭. ಪೆಂಡಲ್ ಹಿಲ್

ಡಾಕ್ಟರ್ ಅಂಕಲ್ ಕೈ ತೊಳೆಯುವ ರೀತಿಯನ್ನು ಇವತ್ತು ಬೆಳಿಗ್ಗೆ ಗಮನಿಸಿದೆ. ನಲ್ಲಿ ತಿರುಗಿಸಿ ಮೊದಲು ಮಣಿಕಟ್ಟಿನ ಒಳಬದಿಗೆ ನೀರು ಬಿಟ್ಟುಕೊಂಡು ಬಿಸಿ ನೋಡುತ್ತಾರೆ, ಅಕ್ಕ ಮಗುವಿನ ಸ್ನಾನಕ್ಕೆ ನೋಡುವ ಹಾಗೆ. ಆಮೇಲೆ ಬಲಗೈಯಿಂದ ಎಡಗೈಯನ್ನು, ಅದು ಬೇರೆ ಯಾರದೋ ಕೈ ಎನ್ನುವಂತೆ, ಒಂದೊಂದೇ ಬೆರಳು ಬಿಡಿಸಿ ತೊಳೆಯುತ್ತಾರೆ. ಕೇಳಬೇಕೆನಿಸಿತು. ಕೇಳಲಿಲ್ಲ.

ಅವರ ಮನೆಗೆ ನಾನು ಹೋಗುವಂತಾದದ್ದು ವಂದನಕ್ಕನಿಂದ. ಅವಳ ಬಾಣಂತನಕ್ಕೆಂದು ಅರಸೀಕೆರೆಯಿಂದ ಸಿಡ್ನಿಗೆ ಬಂದವಳು ನಾನು; ವೀಸಾ ಸೆಪ್ಟೆಂಬರ್‌ವರೆಗೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಡಾ. ಲಕ್ಷ್ಮೀನಾರಾಯಣ ಎಂಬ ಹಿರಿಯರು, "ಸಂಘದ ಸಂಚಿಕೆಗೆ ನಾನು ಓದಿದ ಮೆಡಿಕಲ್ ಯೂನಿವರ್ಸಿಟಿ ಬಗ್ಗೆ ಕೊಡಬೇಕು, ಒಳ್ಳೇ ಕನ್ನಡ ಬರೆಯೋರು ಯಾರಿದ್ದಾರೆ?" ಎಂದು ಕೇಳಿದರು. ಅಕ್ಕ, "ನನ್ನ ತಂಗಿ ಚಿನ್ಮಯಿ ಕನ್ನಡ ಎಂ.ಎ." ಎಂದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕೇಳಲಿಲ್ಲ.

ಹಾಗಾಗಿ ಭಾನುವಾರ ಬೆಳಿಗ್ಗೆ ಯತೀಶ್ ಭಾವ ಕೆಲ್ಲಿವಿಲ್‌ನ ಅವರ ಮನೆ ಮುಂದೆ ನನ್ನನ್ನು ಇಳಿಸಿ ಹೋಗುತ್ತಾರೆ. ಅಂಕಲ್ ಮೈಸೂರಿನವರು. ಯುರೋಪಿನಲ್ಲಿ ಡಾಕ್ಟರಾಗಿ, ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಅನಾಟಮಿ ಪಾಠ ಹೇಳಿ, ನಿವೃತ್ತರಾದ ಮೇಲೆ ಇಲ್ಲಿ ಮಗ ವಿಶ್ರುತ್‌ನ ಜೊತೆ ಇದ್ದಾರೆ.

"ನೋಡಮ್ಮ, ನಾನು ಕನ್ನಡದಲ್ಲಿ ಬರೆದದ್ದು ಅಂದ್ರೆ ಊರಿಗೆ ಕ್ಷೇಮ ಸಮಾಚಾರ ಅಷ್ಟೇ," ಎಂದರು. "ನಾನು ಹೇಳ್ತಾ ಹೋಗ್ತೀನಿ, ನೀನು ಅದನ್ನ ಕನ್ನಡ ಮಾಡು."

ಅವರ ಹೆಂಡತಿ ಅನುಸೂಯ ಆಂಟಿ ಕಾಫಿ ಇಟ್ಟು ಹೋಗುವಾಗ, "ಇವರ ಶಾಲೆ ಕಥೆ ಯಾರು ಓದ್ತಾರೆ? ಸಂಚಿಕೇಲಿ ಎಲ್ಲರೂ ಹುಡುಕೋದು ಅವರವರ ಮಕ್ಕಳ ಫೋಟೊ," ಎಂದರು.

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಎರಡು ಗಂಟೆಯಲ್ಲಿ ನಾನು ಆಡಿದ ಮಾತು "ಹೂಂ" ಒಂದೇ.

ಜೂನ್ ೧೭



ಅಂಕಲ್ ಓದಿದ ಆ ವೈದ್ಯಕೀಯ ಶಾಲೆ ನಾನೂರು ವರ್ಷ ಹಳೆಯದಂತೆ. ಮಧ್ಯ ಯುರೋಪಿನಲ್ಲಿ ಹೊಳೆಯ ದಂಡೆಯ ಸಣ್ಣ ಊರು. ಮೊದಲು ಸನ್ಯಾಸಿಗಳು ನಡೆಸುತ್ತಿದ್ದ ಆಸ್ಪತ್ರೆ. ಪ್ಲೇಗಿನಲ್ಲಿ ಸನ್ಯಾಸಿಗಳೆಲ್ಲ ಸತ್ತು, ಉಳಿದ ಕಟ್ಟಡದಲ್ಲಿ ವೈದ್ಯರು ಪಾಠ ಶುರು ಮಾಡಿದರು. ದುಂಡನೆಯ ಒಂದು ಮರದ ಮನೆ ಕಟ್ಟಿದರು. ಸರ್ಕಸ್ಸಿನ ಗ್ಯಾಲರಿಯಂತೆ ಸುತ್ತಲೂ ಬೆಂಚು, ನಡುವೆ ಒಂದು ಮೇಜು.

ಮೇಜಿನ ಮೇಲೆ ಯಾರು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಗಲ್ಲಿಗೇರಿದವರ ಹೆಣ, ಕೊಯ್ದು ಕಲಿಯಲು. ಗಲ್ಲು ಸಾಲದೆ ಬಂದಾಗ ವಿದ್ಯಾರ್ಥಿಗಳೇ ಸ್ಮಶಾನಕ್ಕೆ ಹೋಗಿ ಹೊಸ ಗೋರಿಗಳನ್ನು ಅಗೆಯುತ್ತಿದ್ದರು. ಒಂದು ದಿನ ಊರಿನ ಬೇಕರಿಯವನು ಯಾವುದೋ ಕೆಲಸಕ್ಕೆ ಒಳಗೆ ಹೋದವನು, ಹಿಂದಿನ ವಾರ ಮಣ್ಣು ಮಾಡಿದ್ದ ತನ್ನ ತಾಯಿಯನ್ನು ಆ ಮೇಜಿನ ಮೇಲೆ ಕಂಡ. ಸಂಜೆಗೆ ಊರೇ ಪಂಜು ಹಿಡಿದು ಬಂತು. ಕಟ್ಟಡ ಬೂದಿಯಾಯಿತು.

ನನಗೆ ಅಜ್ಜ ನೆನಪಾದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ತೆಂಗಿನ ತೋಟದಲ್ಲಿ ಅಜ್ಜ ಕುಳಿತೇ ಇದ್ದಾರೆ ಎಂದುಕೊಂಡೇ ನಾನು ಬೆಳೆದದ್ದು. ಅವರನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ಪೆನ್ನು ನಿಂತುಹೋಯಿತು.

ಅಷ್ಟರಲ್ಲಿ ಆಂಟಿ ಚಕ್ಕುಲಿ ತಂದರು. ಅಂಕಲ್ ಮಾತು ನಡುವೆಯೇ ಬದಲಾಯಿತು.

"ಏನು, ಬೇಕರಿ ಬೇಕರಿ ಅಂತಿದ್ರಿ?"

"ಆ ಊರಿನ ಬ್ರೆಡ್ಡು ಅನು. ಏನು ಚೆನ್ನಾಗಿರ್ತಿತ್ತು ಅಂದ್ರೆ."

"ಅದಕ್ಕೇ ನನ್ನ ಚಪಾತಿ ಇಳಿಯಲ್ಲ ನಿಮಗೆ."

ಅವರು ಹೋದ ಮೇಲೆ ಅಂಕಲ್ ತಗ್ಗಿದ ದನಿಯಲ್ಲಿ, "ಹೆಣದ ಮಾತು ಹೊಸ್ತಿಲ ಆಚೆ. ಮದುವೆಯಾದ ತಿಂಗಳೇ ಆದ ಕಾನೂನು. ಕ್ಲೇಟನ್‌ನಲ್ಲಿ ಗರಾಜಿನ ಪಕ್ಕ ಒಂದು ಬಚ್ಚಲು ಕಟ್ಟಿಸಿದ್ದೆ, ಮಿಂದು ಒಳಗೆ ಬರೋದಕ್ಕೆ," ಎಂದರು. ವೈದಿಕರ ಮನೆಯ ಮಗಳಂತೆ ಆಂಟಿ.

ಒಂದು ಚಕ್ಕುಲಿಯನ್ನೂ ತಿನ್ನಲಾಗಲಿಲ್ಲ.

ಜೂನ್ ೨೪

ಸುಟ್ಟ ಶಾಲೆಯನ್ನು ಮತ್ತೆ ಕಟ್ಟಿದಾಗ ಊರಿನವರು ಯಾರೂ ಅತ್ತ ಮುಖ ಹಾಕಲಿಲ್ಲ. ಆಗ ಶಾಲೆಯ ಹಿರಿಯ ಗುರು ಸಾಯುವ ಮುಂಚೆ ಒಂದು ಮಾತು ಹೇಳಿಟ್ಟನಂತೆ: ಹೊಸ ಮೇಜಿನ ಮೇಲೆ ಮೊದಲು ನಾನೇ ಮಲಗುತ್ತೇನೆ, ಬಾಗಿಲು ತೆರೆದಿಡಿ, ಬೇಕರಿಯವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಹಾಗೇ ಮಾಡಿದರು. ಶಿಷ್ಯನಿಗೆ ಚಾಕು ಎತ್ತಲು ಆಗಲಿಲ್ಲ. ಸ್ವಲ್ಪ ಹೊತ್ತು ನಿಂತು, ನೀರು ಕಾಯಿಸಿ ತರಿಸಿ, ಗುರುವಿನ ತಣ್ಣನೆಯ ಕೈ ತೊಳೆದು, ಮೊದಲ ದಿನ ಶಾಲೆಗೆ ಬಂದವನ ಹಾಗೆ ತನ್ನ ಹೆಸರು, ಊರು ಹೇಳಿಕೊಂಡನಂತೆ. ಅಂದಿನಿಂದ ಅದೇ ಸಂಪ್ರದಾಯ. ಮೊದಲ ವರ್ಷದ ಪ್ರತಿ ವಿದ್ಯಾರ್ಥಿಯೂ ತನಗೆ ಒಪ್ಪಿಸಿದ ದೇಹದ ಕೈಯನ್ನು ಬಿಸಿನೀರಿನಲ್ಲಿ ತೊಳೆದು, ಅವನವನ ಭಾಷೆಯಲ್ಲಿ ಹೆಸರು ಹೇಳಿಕೊಳ್ಳಬೇಕು. ಹೊರಡುವಾಗ ಮೇಜಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಬಾಗಿಲು ದಾಟಬೇಕು, ಗರ್ಭಗುಡಿಯಿಂದ ಬರುವ ಹಾಗೆ.

ಇಷ್ಟನ್ನು ಬರೆದುಕೊಂಡು ನಾನು ಧೈರ್ಯ ಮಾಡಿ ಒಂದು ಮಾತಾಡಿದೆ. "ಅಂಕಲ್, ಸಂಚಿಕೆಗೆ ಇದು ಉದ್ದವಾಯಿತೇನೋ."

"ಇದು ಸಂಚಿಕೆಗಲ್ಲಮ್ಮ. ಅನುಗೆ."

ಅವರು ಕ್ಲೇಟನ್‌ನ ಮೆಡಿಕಲ್ ಕಾಲೇಜಿಗೆ ತಮ್ಮ ದೇಹ ಕೊಡಲು ಎಂದೋ ಹೆಸರು ಬರೆಸಿದ್ದಾರೆ. ತಾವು ನಿಂತು ಪಾಠ ಹೇಳಿದ ಮೇಜಿನ ಮೇಲೆ ತಾವೇ ಮಲಗಬೇಕಂತೆ. ಆದರೆ ಹೆಂಡತಿ ಬೇಡವೆಂದರೆ ಕಾಲೇಜಿನವರು ಮುಟ್ಟುವುದಿಲ್ಲ. ಆಂಟಿ ಬೇಡವೆನ್ನುತ್ತಲೇ ಇದ್ದಾರೆ.

"ನನ್ನ ಶಾಲೆ ಎಂಥದ್ದು ಅಂತ ಗೊತ್ತಾದ್ರೆ ಒಪ್ತಾಳೆ. ಮಾತಾಡಬೇಡಿ ಅಂದಿದ್ದಾಳೆ, ಓದಲ್ಲ ಅಂದಿಲ್ಲ. ಚೆನ್ನಾಗಿ ಬರಿ."

ನನ್ನ ಎದುರು ಕುಳಿತು ಚಕ್ಕುಲಿ ಮುರಿಯುತ್ತಿರುವ ಮನುಷ್ಯ, ಅದೇ ಕೈ, ಅದೇ ಸ್ವೆಟರ್. ಮುಂದೊಂದು ದಿನ ಆ ಮೇಜಿನ ಮೇಲೆ. ಕಾರಿನಲ್ಲಿ ಭಾವ ಏನೋ ಕೇಳುತ್ತಿದ್ದರು. ನಾನು ಬರೆದ ಹಾಳೆಗಳನ್ನು ಚೀಲದ ತಳಕ್ಕೆ ತುರುಕಿದೆ.

ಜುಲೈ ೧

ಜ್ವರ ಎಂದು ಹೇಳಿಸಿ ಹೋಗಲಿಲ್ಲ. ಜ್ವರವಿಲ್ಲ.

ಜುಲೈ ೮

ಅಂಕಲ್ ಮಲಗಿದ್ದರು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಹುರುಳಿಕಾಯಿ ಸೋಸಲು ಕೊಟ್ಟರು.

"ಏನು ಬರೆಸ್ತಿದ್ದಾರೆ ಅಂತ ನನಗೆ ಗೊತ್ತು ಕಣೇ," ಎಂದರು. "ಎಷ್ಟು ಬರೆದರೂ ನಾನು ಹೂಂ ಅನ್ನಲ್ಲ. ಅದಕ್ಕೆ ಕಾರಣ ಮಡಿ ಅಂದ್ಕೊಂಡಿದ್ದಾರೆ ಅವರು. ಮಡಿ ಎಲ್ಲ ಹಡಗು ಹತ್ತಿದವನನ್ನ ಕಟ್ಟಿಕೊಂಡ ದಿನವೇ ಹೋಯ್ತು."

ನಾನು ಹುರುಳಿಕಾಯಿ ನೋಡುತ್ತಿದ್ದೆ.

"ನಿಮ್ಮಲ್ಲಿ ತರ್ಪಣ ಇದೆಯಾ?"

"ಇಲ್ಲ ಆಂಟಿ. ಹಿರಿಯರಿಗೆ ಎಡೆ ಇಡ್ತೀವಿ."

"ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ದಿನ ಸತ್ತ ಒಬ್ಬೊಬ್ಬರ ಹೆಸರು ಗೋತ್ರ ಹೇಳಿ ಎಳ್ಳುನೀರು ಬಿಡ್ತಾರೆ. ಅಪ್ಪ, ತಾತ, ಅಮ್ಮ, ಹೀಗೆ. ನೀರಿನ ಚೊಂಬು ತುಂಬಿಸಿ ಕೊಡೋಳು ನಾನು. ನಮ್ಮ ಮಾವನವರು ಹೋದಾಗಿನಿಂದ ನೋಡ್ತಿದ್ದೀನಿ. ಎಲ್ಲ ಮುಗಿದ ಮೇಲೆ ಇವರು ಒಂದು ಬೊಗಸೆ ಹೆಚ್ಚು ಬಿಡ್ತಾರೆ. ಹೆಸರಿಲ್ಲ, ಗೋತ್ರ ಇಲ್ಲ. ತುಟಿ ಮಾತ್ರ ಅಲುಗತ್ತೆ. ಆಮೇಲೆ ಕಣ್ಣು ಒರೆಸ್ಕೋತಾರೆ. ಸ್ವಂತ ಅಪ್ಪನಿಗೆ ಒರೆಸ್ಕೊಳ್ಳದ ಕಣ್ಣು."

"ಯಾರಿಗೆ ಆಂಟಿ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಯಾರಿಗಿರತ್ತೆ? ಆರು ವರ್ಷ ಅಲ್ಲಿದ್ದರು. ವಯಸ್ಸಿನ ಹುಡುಗ. ಅವಳು ಅಲ್ಲೇ ಸತ್ತಿರಬೇಕು. ಹೆರಿಗೇಲೋ ಏನೋ. ಗೋತ್ರ ಇಲ್ಲದ ಹೆಂಡತಿಗೆ ಹೆಸರು ಹೇಳಿ ನೀರು ಬಿಡಕ್ಕಾಗತ್ತಾ?"

"ನೀವು ಕೇಳಲಿಲ್ವಾ?"

ಆಂಟಿ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. "ಕೇಳಿ, ಅವರು ಹೌದು ಅಂದುಬಿಟ್ಟಿದ್ರೆ?"

ಒಲೆ ಹಚ್ಚಿದರು. ಒಗ್ಗರಣೆಗೆ ಸಾಸಿವೆ ಹಾಕಿದರು. ಅದು ಸಿಡಿಯಿತು.

"ಬದುಕಿದ್ದಾಗ ಪಾಲು ಕೊಟ್ಟೆ. ಸತ್ತ ಮೇಲೆ ಕೊಡಲ್ಲ. ಅವರ ಕಾಲೇಜು, ಅವರ ಮೇಜು ಎಲ್ಲ ಅವಳ ಕಡೇದು. ಬೂದಿಯಾದರೂ ನನ್ನ ಕೈಗೆ ಬರಲಿ."

ಮನೆಗೆ ಬಂದು ಅಕ್ಕನಿಗೆ ಹೇಳೋಣವೆಂದು ಬಾಯಿ ತೆರೆದೆ. ಮಗು ಅತ್ತಿತು. ಒಳ್ಳೆಯದೇ ಆಯಿತು.

ಜುಲೈ ೧೫

ಅಂಕಲ್ ಹೇಳುತ್ತ ಹೋದರು: ಪದವಿಯ ದಿನದ ಟೋಪಿ, ಲ್ಯಾಟಿನ್ ಪ್ರಮಾಣ, ಗೋಪುರದ ಗಂಟೆ. ನಾನು ಒಮ್ಮೆಯೂ ಮುಖ ಎತ್ತಲಿಲ್ಲ. ಇಷ್ಟು ಮೆತ್ತಗೆ ಮಾತಾಡುವವರು ನಲವತ್ತು ವರ್ಷ ಹೆಂಡತಿಯ ಮುಂದೆಯೇ ಇನ್ನೊಬ್ಬಳಿಗೆ ನೀರು ಬಿಟ್ಟರೆ? ಅವರ ಕೈ ನೋಡಿದರೆ ಈಗ ಹೇಸಿಗೆಯಾಗುತ್ತದೆ.

ಮುಂದಿನ ವಾರ ಕ್ಲೇಟನ್‌ನಲ್ಲಿ ದೇಹ ಕೊಟ್ಟವರ ನೆನಪಿಗೆ ವಿದ್ಯಾರ್ಥಿಗಳು ಸಭೆ ಮಾಡುತ್ತಾರಂತೆ. ಅಂಕಲ್ ಪ್ರತಿ ವರ್ಷ ಹೋಗುತ್ತಾರೆ. ಅವರ ಮಂಡಿ ನೋವಿಗೆ ಜೊತೆಗೊಬ್ಬರು ಬೇಕು, ಆಂಟಿ ಆ ಊರಿಗೆ ಬಂದರೂ ಸಭೆಗೆ ಕಾಲಿಡುವುದಿಲ್ಲ, ವಿಶ್ರುತ್‌ಗೆ ಆಫೀಸು. ಅಕ್ಕ ಮತ್ತೆ ನನ್ನನ್ನು ಕೇಳದೆ ಒಪ್ಪಿದಳು.

ಜುಲೈ ೨೦. ಕ್ಲೇಟನ್

ಆಂಟಿ ಮೋಟೆಲ್‌ನಲ್ಲೇ ಉಳಿದರು. "ಆ ಸಭೆಗೆ ನಾನು ಬರಲ್ಲ. ವಾಪಸ್ ಬರೋವಾಗ ಕೊತ್ತಂಬರಿ ಸಿಕ್ಕರೆ ತಗೊಂಡು ಬಾ."

ಸಭೆಯಲ್ಲಿ ನನಗಿಂತ ಚಿಕ್ಕ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಧನ್ಯವಾದ ಹೇಳಿದರು. ಮುಂದಿನ ಸಾಲುಗಳಲ್ಲಿ ಮನೆಯವರು ಕುಳಿತಿದ್ದರು. ನಾನು ಹೆದರಿಕೊಂಡು ಹೋದದ್ದು ಬೇರೆ ಏನಕ್ಕೋ. ಅಲ್ಲಿ ಇದ್ದದ್ದು ಹೂವು, ಟೀ, ಬಿಸ್ಕತ್ತು, ಕರವಸ್ತ್ರ.

ಆಮೇಲೆ ಹೊರಗೆ ನೀಲಗಿರಿ ಮರದ ಕೆಳಗಿನ ಬೆಂಚಿನಲ್ಲಿ ಕುಳಿತೆವು. ಬಸ್ಸುಗಳಿಂದ ವಿದ್ಯಾರ್ಥಿಗಳು ಇಳಿಯುತ್ತಿದ್ದರು. ಅಂಕಲ್ ತಾವಾಗಿಯೇ ಶುರು ಮಾಡಿದರು.

"ನನ್ನ ಸರದಿ ಬಂದದ್ದು ನಿನಗೆ ಹೇಳಲೇ ಇಲ್ಲ. ನನಗೆ ಸಿಕ್ಕಿದವನಿಗೆ ಅರವತ್ತು ಇರಬಹುದು. ಅವರ ಹೆಸರು ನಮಗೆ ಹೇಳ್ತಿರಲಿಲ್ಲ. ಬಲಗೈ ಎಡಗೈಗಿಂತ ದಪ್ಪ. ಹೆಬ್ಬೆರಳ ಉಗುರು ಕಪ್ಪು. ತೋಳಿನ ತುಂಬ ಕಿಡಿ ಸಿಡಿದ ಚುಕ್ಕೆ. ಕಮ್ಮಾರ ಅಂತ ನಾವೇ ತೀರ್ಮಾನ ಮಾಡಿದ್ವಿ. ಕೈ ತೊಳೆದೆ. ಹೆಸರು ಹೇಳಬೇಕು, ಬಾಯಿ ಒಣಗಿಹೋಯ್ತು. ಹಿರಿಯರಿಗೆ ಹೆಸರು ಹೇಳ್ಕೊಳ್ಳೋದು ನನಗೆ ಗೊತ್ತಿದ್ದದ್ದು ಒಂದೇ ಥರ. ಎರಡೂ ಕಿವಿ ಹಿಡ್ಕೊಂಡು, ಋಷಿಗಳ ಹೆಸರೆಲ್ಲ ಹೇಳಿ, ಗೋತ್ರ ಸೂತ್ರ ಹೇಳಿ, 'ಲಕ್ಷ್ಮೀನಾರಾಯಣ ಶರ್ಮಾ' ಅಂತ ಬಗ್ಗಿ ನಮಸ್ಕಾರ ಮಾಡಿಬಿಟ್ಟೆ."

"ಹೆಣಕ್ಕೆ?"

"ಹೆಣಕ್ಕೆ. ನಮ್ಮಪ್ಪ ನೋಡಿದ್ದಿದ್ರೆ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಬೇಕಾಗ್ತಿತ್ತು."

ಅವರೇ ನಕ್ಕರು. ಸ್ವಲ್ಪ ಕೆಮ್ಮಿದರು.

"ಒಂದು ವರ್ಷ ಅವನ ಹತ್ರ ಕಲಿತೆ. ಆದರೆ ನೋಡು, ಗೋತ್ರ ಹೇಳಿಬಿಟ್ಟಿದ್ದೆನಲ್ಲ, ಸಂಬಂಧ ಆಗಿಹೋಯ್ತು. ಅಪ್ಪ ಹೋದ ಮೇಲೆ ಮಹಾಲಯದಲ್ಲಿ ನಮ್ಮವರಿಗೆಲ್ಲ ನೀರು ಬಿಟ್ಟು, ಕೊನೇಲಿ ಅವನಿಗೂ ಒಂದು ಬೊಗಸೆ ಬಿಡ್ತೀನಿ. ಅವನ ಹೆಸರು ಗೊತ್ತಿಲ್ಲ. ಅದಕ್ಕೇ ನನ್ನ ಹೆಸರು ಹೇಳ್ತೀನಿ, ಇಂಥವನು ಬಂದಿದ್ದೀನಿ ಅಂತ."

 

ಆಗಲೇ ಹೇಳಬೇಕಿತ್ತು. "ಅಂಕಲ್, ಆಂಟಿ ಆ ಬೊಗಸೆಯನ್ನು ನೋಡಿದ್ದಾರೆ" ಎಂಬಷ್ಟು ಸಾಕಿತ್ತು. ಆಂಟಿ ನಂಬಿ ಹೇಳಿದ ಗುಟ್ಟು, ಹೇಗೆ ಬಿಚ್ಚಲಿ ಎಂದುಕೊಂಡೆ. ಬಿಳಿ ಹಾಳೆಯ ಮೇಲೆ ಚೆನ್ನಾಗಿ ಬರೆದು ಆಂಟಿಯ ಕೈಗೇ ಕೊಡುತ್ತೇನೆ, ಸಿಡ್ನಿಗೆ ಹೋದ ಮೇಲೆ, ಎಂದುಕೊಂಡೆ.

ಕೊತ್ತಂಬರಿ ಮರೆತೆ.

ಜುಲೈ ೨೧

ಅಂಕಲ್ ಬೆಳಿಗ್ಗೆ ಷೂ ಹಾಕಿಕೊಳ್ಳಲು ಬಗ್ಗಿದವರು ಹಾಗೇ ಒರಗಿದರು. ಮಾತಿಲ್ಲ. ಆಸ್ಪತ್ರೆ. ಮಿದುಳಿನಲ್ಲಿ ರಕ್ತ ಎಂದರು. ವಿಶ್ರುತ್ ವಿಮಾನದಲ್ಲಿ ಬರುತ್ತಿದ್ದಾರೆ.

ಅವರ ಒಂದು ಷೂ ಇನ್ನೂ ನನ್ನ ಕೈಚೀಲದಲ್ಲಿದೆ. ಹೇಗೆ ಬಂತೋ ಗೊತ್ತಿಲ್ಲ.

ಜುಲೈ ೨೩

ಬೆಳಿಗ್ಗೆ ಹೋದರು.

ಆಗಿದ್ದನ್ನು ಆದ ಹಾಗೆ ಬರೆಯಬೇಕು.

ಕೋಣೆಯ ಹೊರಗೆ ವಿಶ್ರುತ್ ಗೋಡೆಗೆ ಒರಗಿ ನಿಂತಿದ್ದರು. "ಅಮ್ಮಾ, ಯೂನಿವರ್ಸಿಟಿಯವರು ಫೋನ್ ಮಾಡಿದ್ರು. ಮಧ್ಯಾಹ್ನದೊಳಗೆ ಹೇಳಬೇಕಂತೆ. ಯು ಡಿಸೈಡ್. ನೀನು ಏನಂದ್ರೂ ಸರಿ."

"ಬೇಡ ಅನ್ನು. ಸಿಡ್ನಿಗೆ ಕರ್ಕೊಂಡು ಹೋಗೋಣ."

ನಾನು ಒಳಗಿದ್ದೆ. ನರ್ಸ್ ಒಂದು ಬೋಗುಣಿಯಲ್ಲಿ ನೀರು, ಸಣ್ಣ ಟವೆಲ್ ತಂದಿಟ್ಟು, ಮನೆಯವರು ಮುಖ ತೊಳೆಯುವುದಾದರೆ ತೊಳೆಯಲಿ ಎಂದು ಹೇಳಿ ಹೋದಳು. ನಾನು ಮನೆಯವಳಲ್ಲ ಎಂದು ಹೇಳಲು ಆಗಲಿಲ್ಲ. ನೀರಿನಲ್ಲಿ ಮಣಿಕಟ್ಟು ಇಟ್ಟು ನೋಡಿದೆ. ಬಿಸಿ ಸಾಲದೆನಿಸಿತು. ನಲ್ಲಿಯಿಂದ ಬೇರೆ ಹಿಡಿದೆ. ಅವರ ಎಡಗೈ ತೆಗೆದುಕೊಂಡು ಒಂದೊಂದೇ ಬೆರಳು ಬಿಡಿಸಿ ತೊಳೆದೆ. ಆಮೇಲೆ, "ನಾನು ಚಿನ್ಮಯಿ. ಅರಸೀಕೆರೆಯವಳು," ಎಂದೆ. ಕೋಣೆಗೆಲ್ಲ ಕೇಳಿಸಿರಬೇಕು.

"ಏನು ಮಾಡ್ತಿದ್ದೀಯೇ?"

ಬಾಗಿಲಲ್ಲಿ ಆಂಟಿ.

ಹೇಳಿದೆ. ಗುರು ಮಲಗಿದ ಮೇಜಿನಿಂದ ಶುರು ಮಾಡಿ, ಬಿಸಿನೀರು, ಕಪ್ಪು ಉಗುರು, ಕಿವಿ ಹಿಡಿದುಕೊಂಡ ಇಪ್ಪತ್ತೊಂದರ ಹುಡುಗ, ಕೊನೆಯ ಬೊಗಸೆಯವರೆಗೆ. ಹಾಳೆ ಇರಲಿಲ್ಲ. ಅವರ ಕೈ ನನ್ನ ಕೈಯಲ್ಲೇ ಇತ್ತು. ವಿಶ್ರುತ್ ಬಂದು ಅಮ್ಮನ ಹಿಂದೆ ನಿಂತರು.

ಆಂಟಿ ಹಾಸಿಗೆಯ ಹತ್ತಿರ ಬಂದರು.

"ಕಮ್ಮಾರನಾ?"

"ಹೂಂ ಆಂಟಿ."

"ಗಂಡಸಾ?"

"ಅರವತ್ತು ವರ್ಷದವರು."

ಅವರು ಕುರ್ಚಿ ಹಿಡಿದು ಕುಳಿತರು. "ಇಷ್ಟು ವರ್ಷ ನಾನು ಒಬ್ಬ ಮುದಿ ಕಮ್ಮಾರನ ಮೇಲೆ ಹೊಟ್ಟೆ ಉರ್ಕೊಂಡೆನಾ," ಎಂದರು. ನಕ್ಕರು. ಆ ನಗುವಿಗೆ ವಿಶ್ರುತ್ ಹೆದರಿ ಅವರ ಹೆಗಲು ಹಿಡಿದರು. ನಗು ಅಲ್ಲೇ ಒಡೆದುಹೋಯಿತು. "ಹೇಳಬಾರದಿತ್ತೇನ್ರೀ," ಎಂದು ಹಾಸಿಗೆಯ ಕಡೆ ನೋಡಿ ಕೇಳಿದರು. "ಹೆಣದ ಮಾತು ಬೇಡ ಅಂದಿದ್ದೆ ನಿಜ. ಆದರೂ ಹೇಳಬಾರದಿತ್ತೇ."

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

"ಎಡಗೈ ಆಯ್ತಾ? ಬಲಗೈ ನನಗೆ ಬಿಡು. ನೀರು ಆರಿದೆ, ಬೇರೆ ತಾ."

ತಂದುಕೊಟ್ಟೆ. ಅವರು ಮಂತ್ರವನ್ನೇನೂ ಹೇಳಲಿಲ್ಲ. ಕೈ ತೊಳೆದು, ಟವೆಲ್‌ನಿಂದ ಒತ್ತಿ ಒರೆಸಿ, ಹೊಸ ಮನೆಗೆ ಬಂದ ಸೊಸೆಯ ದನಿಯಲ್ಲಿ, "ನಾನು ಅನುಸೂಯ. ನಂಜನಗೂಡಿನವಳು," ಎಂದರು.

ಸ್ವಲ್ಪ ಹೊತ್ತಿನ ಮೇಲೆ ಮಗನ ಕಡೆ ತಿರುಗಿ, "ಈ ಊರಿನ ಕಾಲೇಜಿನ ಮಕ್ಕಳೂ ಹೀಗೆ ಹೆಸರು ಹೇಳ್ತಾರಾ?" ಎಂದು ಕೇಳಿದರು.

"ಐ ಡೋಂಟ್ ನೋ ಅಮ್ಮಾ. ಹೇಳಲ್ಲ ಅನ್ಸತ್ತೆ."

"ಹೂಂ ಅಂತ ಫೋನ್ ಮಾಡಿದಾಗ ಅದನ್ನೂ ಹೇಳಿಬಿಡು. ಹೇಳಿದ್ರೆ ಇವರಿಗೆ ಇಷ್ಟ ಅಂತ."

ಹೊರಗೆ ಬರುವಾಗ ಟ್ರಾಲಿಯೊಂದಕ್ಕೆ ನನ್ನ ಬೆನ್ನು ಬಡಿಯಿತು. ಆಗ ಗೊತ್ತಾಯಿತು, ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ.

ಆಗಸ್ಟ್ ೧೯. ಪೆಂಡಲ್ ಹಿಲ್

ಬೆಳಿಗ್ಗೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕೊತ್ತಂಬರಿ ಬಾಡಿತ್ತು. ಒಳಗಿನಿಂದ ಹೊಸದು ಕೊಡಿ ಎಂದೆ. ಕೊಟ್ಟರು. ಅದನ್ನೇ ಕೆಲ್ಲಿವಿಲ್‌ಗೆ ಒಯ್ದೆ.

ಆಂಟಿಗೆ ಹಾಳೆಗಳನ್ನೆಲ್ಲ ಓದಿ ಹೇಳುತ್ತಿದ್ದೇನೆ. ಬೇಕರಿಯವನ ತಾಯಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡರು, ನಿಲ್ಲಿಸು ಎನ್ನಲಿಲ್ಲ. ಬೂದಿ ಬಂದಿಲ್ಲ, ಬರುವುದು ಯಾವಾಗಲೋ. ಕಾಲೇಜಿನ ಮಕ್ಕಳು ಪಾಠ ಮುಗಿಸಿ ಬಿಟ್ಟುಕೊಟ್ಟ ಮೇಲೆ ಎಂದು ಆಂಟಿಯೇ ಬಂದವರಿಗೆ ಹೇಳುತ್ತಾರೆ. ಕೆಲವರು ಅರ್ಧ ಕಾಫಿಗೇ ಎದ್ದು ಹೋಗುತ್ತಾರೆ.

ಮಾತಿನ ನಡುವೆ ಆಂಟಿ ಮಹಾಲಯ ಎತ್ತಿದರು. "ವರ್ಷ ತುಂಬುವವರೆಗೆ ಈ ಮನೇಲಿ ಇಲ್ಲ. ಮುಂದಿನ ವರ್ಷದಿಂದ ವಿಶ್ರುತ್ ಮಾಡ್ತಾನೆ."

"ಪುರೋಹಿತರನ್ನ ಕೇಳಿದೆ," ಎಂದರು ವಿಶ್ರುತ್. "ಕೊನೇಲಿ ದಿಕ್ಕಿಲ್ಲದೋರಿಗೆ ಅಂತ ಒಂದು ಇದೆಯಂತೆ. ಅಪ್ಪನ ಕಮ್ಮಾರನೂ ಅದರಲ್ಲೇ ಬರ್ತಾನಂತೆ."

"ಅವನು ದಿಕ್ಕಿಲ್ಲದೋನಲ್ಲ," ಎಂದರು ಆಂಟಿ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಸಲದ ಮಹಾಲಯ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ನಾನು ಊರಿನಲ್ಲಿರುತ್ತೇನೆ. ಈ ವರ್ಷ ಆ ಮನುಷ್ಯನಿಗೆ ನೀರು ಬಿಡುವವರು ಯಾರೂ ಇಲ್ಲ.

ನಮ್ಮಲ್ಲಿ ನೀರು ಬಿಡುವುದಿಲ್ಲ. ಎಡೆ ಇಡುತ್ತೇವೆ. ಅವ್ವ ಅಜ್ಜನಿಗೆ, ಅಜ್ಜಿಗೆ, ದೊಡ್ಡಪ್ಪನಿಗೆ ಎಲೆ ಹಾಕುತ್ತಾಳೆ. ಈ ಸಲ ಪಕ್ಕದಲ್ಲಿ ಎರಡು ಎಲೆ ಹೆಚ್ಚು ಹಾಕುತ್ತೇನೆ. ಕೈಗೆ ಬಿಸಿನೀರು ಇಡುತ್ತೇನೆ. ಒಂದು ಎಲೆಯ ಮುಂದೆ ಹೇಳಲು ನನಗೆ ಹೆಸರು ಗೊತ್ತಿದೆ. ಇನ್ನೊಂದರ ಮುಂದೆ ನನ್ನ ಹೆಸರು ಹೇಳಿಕೊಳ್ಳುತ್ತೇನೆ.

ಇದು ಯಾರಿಗೆ ಎಂದು ಅವ್ವ ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.